ತಪಾಸಣೆಗೆ ಸುಣ್ಣ ಬಳಿದ ಮನೆ

ಮನುಷ್ಯರಾಗಿ ಹುಟ್ಟಿದ ಮೇಲೆ ತಮ್ಮದೆನ್ನುವ ಒಂದು ಸೂರು ಇರಬೇಕು, ಅದರ ಕೆಳಗೆ ಕೂತಾಗಲೇ ಜೀವಕ್ಕೆ ನೆಮ್ಮದಿ ಎಂದು ಅನೇಕ ಹಿರಿಯರು ನನಗೆ ಉಪದೇಶ ಮಾಡಿದ್ದಾರೆ. ಮಾಡಿದವರೆಲ್ಲ ನನ್ನ ಮನೆ ಮಾಲೀಕರು. ಉಪದೇಶ ಮುಗಿದ ಮೇಲೆ ಬಾಡಿಗೆ ಕೇಳುತ್ತಿದ್ದರು.

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಎಪ್ಪತ್ತರ ದಶಕದ ಆರಂಭದಲ್ಲಿ ಹಾನಗಲ್ಲಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿಂದ ಶಿಗ್ಗಾಂವಿಗೆ, ಶಿಗ್ಗಾಂವಿಯಿಂದ ಸವಣೂರಿಗೆ ವರ್ಗವಾಯಿತು. ಹೋದಲ್ಲೆಲ್ಲ ಜೊತೆಗೆ ಅವ್ವ. ಅಪ್ಪ ನನ್ನ ಟ್ರೇನಿಂಗ್ ಮುಗಿಯುವ ಮುನ್ನವೇ ತೀರಿಕೊಂಡಿದ್ದರು, ಅಣ್ಣ ತಮ್ಮಂದಿರಿಲ್ಲ, ನನಗೆ ಲಗ್ನವಾಗಿರಲಿಲ್ಲ. ಈ ಕೊನೆಯದಕ್ಕೆ ಕಾರಣ ಕೇಳಿದವರಿಗೆ ಅವ್ವ ಒಬ್ಬೊಬ್ಬರಿಗೆ ಒಂದೊಂದು ಕಾರಣ ಕೊಡುತ್ತಿದ್ದಳು. ಯಾವುದೂ ನಿಜವಲ್ಲ, ಎಲ್ಲವೂ ಕೇಳುವುದಕ್ಕೆ ಚೆನ್ನಾಗಿದ್ದವು.

ಹಾನಗಲ್ಲಿನ ಮಾಲೀಕರು ಬಾವಿಯ ಹಗ್ಗವನ್ನು ತಾವು ಮಲಗುವ ಖೋಲಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ನಮಗೆ ನೀರು ಬೇಕೆಂದರೆ ಅವರು ಏಳಬೇಕು. ಅವರು ಬಿಸಿಲೇರಿದ ಮೇಲೆ ಏಳುವವರು. ಶಿಗ್ಗಾಂವಿಯ ಮಾಲೀಕರು ಇದಕ್ಕಿಂತ ಉದಾರಿಗಳು, ಹಗ್ಗ ಬಾವಿಯ ಮೇಲೆಯೇ ಇರುತ್ತಿತ್ತು. ಆದರೆ ಅವರಿಗೆ ಹೆಣ್ಣುಮಕ್ಕಳು ಬಹಳ. ಲಗ್ನದ ಕಾಲ ಬಂತೆಂದರೆ ಬೀಗರು ಇಳಿದುಕೊಳ್ಳಲು ನಮ್ಮ ಖೋಲಿಯೇ ಬೇಕು. ನಾನೂ ಅವ್ವನೂ ಹಾಸಿಗೆ ಸುತ್ತಿಕೊಂಡು ಶಾಲೆಯ ಪಡಸಾಲೆಗೆ ಹೋಗಿ ಮಲಗುತ್ತಿದ್ದೆವು. ಲಗ್ನಕ್ಕೆ ನಮಗೆ ಆಮಂತ್ರಣವೂ ಇರುತ್ತಿತ್ತು. ಬರಿಗೈಯಲ್ಲಿ ಹೋಗುವ ಹಾಗಿರಲಿಲ್ಲ, ಆಯೇರಿ ಒಯ್ಯಬೇಕು.

ಸವಣೂರಿನಲ್ಲಿ ಸಿಕ್ಕಿದ್ದು ಹಿಟ್ಟಿನ ಗಿರಣಿಯ ಹಿಂದಿನ ಒಂದು ಖೋಲಿ. ನಡುವೆ ಇದ್ದದ್ದು ಒಂದೇ ಗೋಡೆ, ಅದೂ ಪೂರ್ತಿ ಮೇಲಿನ ತನಕ ಏರಿರಲಿಲ್ಲ. ಗಿರಣಿ ಚಾಲೂ ಆದರೆ ನಮ್ಮ ಪಾತ್ರೆಗಳು ತಾವಾಗಿಯೇ ಜಾಗ ಬದಲಿಸುತ್ತಿದ್ದವು. ಸಂಜೆ ಶಾಲೆಯಿಂದ ಬಂದಾಗ ಅವ್ವ ಹಿಟ್ಟಿನಲ್ಲಿ ಅದ್ದಿ ತೆಗೆದ ಹಾಗೆ ಕೂತಿರುತ್ತಿದ್ದಳು. ಅದಕ್ಕೂ ಹೊಂದಿಕೊಂಡಿದ್ದೆವು. ಒಂದು ದಿನ ಗಿರಣಿಯ ಮಾಲೀಕರು ಬಾಗಿಲಲ್ಲಿ ನಿಂತು, "ಅಕ್ಕೋರ, ಮುಂದಿನ ಮೊಹರಂ ಒಳಗ ಖೋಲಿ ಬಿಡ್ರಿ. ಖಾರ ಕುಟ್ಟೋ ಮಷೀನ್ ತರಾಕತ್ತೇನಿ, ಅದಕ್ಕ ಜಾಗಾ ಬೇಕು" ಎಂದರು.

ಬೀಗರಿಗಾಗಿ ಜಾಗ ಬಿಟ್ಟಾಗಿತ್ತು. ಈಗ ಮೆಣಸಿನಕಾಯಿಗಾಗಿ ಬಿಡಬೇಕು. ಆ ಹೊತ್ತಿಗೆ ನನ್ನೊಳಗೆ ಏನೋ ಗಟ್ಟಿಯಾಯಿತು. ಇನ್ನು ಯಾರ ಅಪ್ಪಣೆಗೂ ಹಾಸಿಗೆ ಸುತ್ತುವುದಿಲ್ಲ ಎಂದು ಅವ್ವನಿಗೆ ಹೇಳಿದೆ. "ಮತ್ತ ಏನು ಮಾಡ್ತಿ?" ಎಂದಳು ಅವ್ವ. "ಮನಿ ತಗೋತೇನಿ" ಎಂದೆ. ಅವ್ವ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ.

ಮನೆ ಆಗಲೇ ನೋಡಿಟ್ಟಿದ್ದೆ. ಎರಡು ಓಣಿ ಆಚೆ, ವೀಳ್ಯದೆಲೆಯ ವ್ಯಾಪಾರ ಮಾಡುವ ಸಾಹೇಬರೊಬ್ಬರ ಸಣ್ಣ ಮಾಳಿಗೆ ಮನೆ. ಎರಡು ಖೋಲಿ, ಒಂದು ಪಡಸಾಲೆ, ಅಡಿಗೆಮನೆಯಲ್ಲಿ ಬೆಳಕಿಂಡಿ, ಹಿತ್ತಲಲ್ಲಿ ಒಂದು ನುಗ್ಗೆ ಮರ. ಅವರು ತೋಟದ ಹತ್ತಿರ ಹೊಸ ಮನೆ ಕಟ್ಟಿಸಿ ಅಲ್ಲಿಗೆ ಹೋಗಿದ್ದರು. ಮಾತು ಮುಗಿಸುವಾಗ ಅವರು ಎಲೆ ಅಡಿಕೆ ಮುಂದಿಟ್ಟು, "ಅಕ್ಕೋರ, ಎಲಿ ಕೊಟ್ಟ ಮ್ಯಾಲ ನಮ್ಮ ಮಾತು ಮಾತ. ಮೊಹರಂ ತನಕ ಮನಿ ನಿಮ್ದು ಅಂತ ತಿಳೀರಿ. ಆಮ್ಯಾಲ ಹತ್ತಿ ವ್ಯಾಪಾರದಾವ ಒಬ್ಬ ಕಾಯಾಕತ್ತಾನ, ಗೋದಾಮು ಮಾಡ್ತಾನಂತ" ಎಂದರು.

ಬೆಲೆಯ ಬಹುಪಾಲು ಬ್ಯಾಂಕಿನವರು ಸಾಲ ಕೊಡಲು ಒಪ್ಪಿದ್ದರು, ಆದರೆ ಮೊದಲ ಪಾಲು ನಾನೇ ಹಾಕಬೇಕು. ಶಿಕ್ಷಕರ ಸಂಬಳದಲ್ಲಿ ಮೊದಲ ಪಾಲು ಎನ್ನುವುದು ಯಾವತ್ತೂ ಉಳಿಯುವುದಿಲ್ಲ. ಇದನ್ನು ತಿಳಿದೇ ನಮ್ಮ ನಾಲ್ಕು ತಾಲೂಕಿನ ಶಿಕ್ಷಕರ ಪತ್ತಿನ ಸಂಘದವರು ಒಂದು ಯೋಜನೆ ಮಾಡಿದ್ದರು. ಸ್ವಂತ ಹೆಸರಿನಲ್ಲಿ ಮನೆಯಿಲ್ಲದ ಸದಸ್ಯರು ಮೊದಲ ಸಲ ಮನೆ ಕೊಳ್ಳುವಾಗ ಆ ಮೊದಲ ಪಾಲನ್ನು ಸಂಘವೇ ಬಡ್ಡಿಯಿಲ್ಲದೆ ಕೊಡುವುದು. ಷರತ್ತು ಒಂದೇ, ಮಂಡಳಿಯವರು ಬಂದು ಕೊಳ್ಳುವ ಮನೆಯ ತಪಾಸಣೆ ಮಾಡಬೇಕು.

ಈ ತಪಾಸಣೆ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಎಲ್ಲ ಅನರ್ಥಕ್ಕೂ ಮೂಲ. ಶಿಕ್ಷಕರಿಗೆ ತಪಾಸಣೆ ಎಂದರೆ ಹೇಗೆಂಬುದು ರಕ್ತದಲ್ಲಿರುತ್ತದೆ. ಇನ್ಸ್‌ಪೆಕ್ಟರ್ ಬರುತ್ತಾರೆಂದರೆ ಶಾಲೆಯ ಗೋಡೆಗೆ ಸುಣ್ಣ, ಬುಡಕ್ಕೆ ಕೆಂಪು ಪಟ್ಟಿ, ಬಾಗಿಲಿಗೆ ತೋರಣ. ಪಕ್ಕದ ಊರಿನ ಶಾಲೆಯಿಂದ ಭೂಪಟ ಕಡ ತರಬೇಕು. ನಮ್ಮ ಜಾಣ ಹುಡುಗರನ್ನು ಅವರಿಗೆ ಒಂದು ದಿನ ಕಡ ಕೊಡಬೇಕು. ಇಪ್ಪತ್ತು ಮೈಲಿ ಸುತ್ತಳತೆಯಲ್ಲಿ ಒಂದೇ ಭೂಗೋಲವಿತ್ತು, ಅದು ಇನ್ಸ್‌ಪೆಕ್ಟರರ ಮುಂದೆ ಮುಂದೆಯೇ ಪ್ರಯಾಣ ಮಾಡುತ್ತಿತ್ತು. ಇದರಲ್ಲಿ ಮೋಸವೇನೂ ಇಲ್ಲ. ಇನ್ಸ್‌ಪೆಕ್ಟರರೂ ಒಂದು ಕಾಲಕ್ಕೆ ಮಾಸ್ತರರೇ.

ಆದ್ದರಿಂದ ಸಾಹೇಬರಿಂದ ಬೀಗದ ಕೈ ಇಸಿದುಕೊಂಡು ನಾನು ಮನೆಯನ್ನು ತಪಾಸಣೆಗೆ ಸಿದ್ಧ ಮಾಡಿದೆ. ಸುಣ್ಣ ಬಳಿಸಿದೆ. ಬುಡಕ್ಕೆ ಕೆಂಪು ಹುರಮಂಜಿನ ಪಟ್ಟಿ ಎಳೆಸಿದೆ. ಶಾಲೆಯಿಂದ ಕುರ್ಚಿಗಳೂ ಗೋಡೆ ಗಡಿಯಾರವೂ ಬಂದವು. ಪಕ್ಕದ ಮನೆಯಿಂದ ಮಂಚ, ಎದುರಿನ ಮನೆಯಿಂದ ಹಿತ್ತಾಳೆಯ ಹಂಡೆ, ಇನ್ನೊಬ್ಬರಿಂದ ಹಸು ಸಹಿತ ಬಂತು. ಹಸು ನಾನು ಕೇಳಿದ್ದಲ್ಲ, ಅವರಾಗಿಯೇ ಹಿತ್ತಲಲ್ಲಿ ಕಟ್ಟಿ ಹೋದರು. ಅವ್ವ ಒಲೆ ಹೊತ್ತಿಸಿ ಉಪ್ಪಿಟ್ಟಿಗೆ ಒಗ್ಗರಣೆ ಕೊಟ್ಟಳು.

ತಪಾಸಣೆಗೆ ಬಂದವರು ಇಬ್ಬರು. ಒಬ್ಬರು ಸಂಘದ ಅಧ್ಯಕ್ಷರು, ಹಿರೇಕೆರೂರಿನ ಹೆಡ್‌ಮಾಸ್ತರರು. ಇನ್ನೊಬ್ಬರು ಹಾನಗಲ್ಲಿನ ಮಾಸ್ತರರು. ಇವರು, ಯಾರು ಕೊನೆಗೆ ಮಾತಾಡಿದರೋ ಅವರ ಮಾತಿಗೆ "ಖರೆ ಐತ್ರಿ" ಎಂದು ಸೇರಿಸುವ ಸಜ್ಜನರು. ಇಬ್ಬರೂ ಕುರ್ಚಿಯಲ್ಲಿ ಕೂತು ಉಪ್ಪಿಟ್ಟು ತಿಂದರು, ಹಸುವಿನ ಹಾಲಿನ ಚಹಾ ಕುಡಿದರು, ಗಡಿಯಾರ ನೋಡಿ ಬಸ್ಸಿನ ಹೊತ್ತಾಯಿತೆಂದು ಎದ್ದರು. ಅಧ್ಯಕ್ಷರು ಬಾಗಿಲಲ್ಲಿ ತಿರುಗಿ, "ಸಂಸಾರ ಅಂದ್ರ ಹಿಂಗಿರಬೇಕು ನೋಡ್ರಿ" ಎಂದರು. "ಖರೆ ಐತ್ರಿ" ಎಂದರು ಇನ್ನೊಬ್ಬರು. ನಾನು ಪಾಸಾದೆನೆಂದೇ ತಿಳಿದೆ.

ಹದಿನೈದು ದಿನಗಳಲ್ಲಿ ಉತ್ತರ ಬಂತು. ಅರ್ಜಿದಾರರು ಸದರಿ ಮನೆಯಲ್ಲಿ ಸಕಲ ಸೌಕರ್ಯಗಳೊಡನೆ ಸುಖವಾಗಿ ವಾಸವಾಗಿರುವುದು ಖುದ್ದು ಕಂಡುಬಂದಿದ್ದು, ಸಹಾಯದ ಅಗತ್ಯ ತೋರುವುದಿಲ್ಲ.

ಅವ್ವ ಕೇಳಿದ್ದು ಒಂದೇ. "ಹಸೂನೂ ಬರದಾರೇನು?"

ಭಾನುವಾರ ಬಸ್ಸು ಹತ್ತಿ ಹಿರೇಕೆರೂರಿಗೆ ಹೋದೆ. ಅಧ್ಯಕ್ಷರು ತಮ್ಮ ಹೊಸ ಮನೆಯ ಕಟ್ಟೆಯ ಮೇಲೆ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಆ ಮನೆ ಕೊಂಡದ್ದೂ ಇದೇ ಯೋಜನೆಯ ನೆರವಿನಿಂದ. ರಟ್ಟೀಹಳ್ಳಿಯಲ್ಲಿ ಅವರ ದೊಡ್ಡ ಮನೆಯೊಂದಿತ್ತು, ಆದರೆ ಅದು ಅವರ ತಂದೆಯ ಹೆಸರಿನಲ್ಲಿತ್ತು. ನಿಯಮದ ಪ್ರಕಾರ ಅವರು ಮನೆಯಿಲ್ಲದವರು.

"ಸರ್, ಅದು ನನ್ನ ಮನಿ ಅಲ್ಲ. ಒಳಗಿನ ಸಾಮಾನೂ ನಂದಲ್ಲ. ಗಡಿಯಾರ ಶಾಲೀದು, ಮಂಚ ಬಾಜೂದವರದು, ಹಸು ಯಾರದಂತ ನನಗೂ ಪೂರಾ ಗೊತ್ತಿಲ್ಲ" ಎಂದೆ.

"ಮತ್ತ ಯಾಕ ಇಟ್ಟಿದ್ರಿ?"

"ತಪಾಸಣೀಗೆ ನೀವು ಬರ್ತೀರಂತ. ನಿಮ್ಮ ಶಾಲ್ಯಾಗ ಇಡೂದಿಲ್ಲೇನ್ರಿ?"

ಅವರಿಗೆ ಇದು ಹಿಡಿಸಲಿಲ್ಲ. ಸ್ವಲ್ಪ ಹೊತ್ತು ಮೊಣಕಾಲು ತಿಕ್ಕಿ ಆಮೇಲೆ ದನಿ ಮೆತ್ತಗೆ ಮಾಡಿದರು. "ನೋಡ್ರಿ ತಂಗಿ, ಅಣ್ಣನಂಗ ಹೇಳಾಕತ್ತೇನಿ. ಹೆಣ್ಣಮಗಳು ನೀವು. ನಾಳೆ ಲಗ್ನ ಆದ್ರ ಗಂಡನ ಮನಿ ಇರತೈತಿ. ಈ ಕಟಿಪಿಟಿ ಯಾಕ ಬೇಕು?"

"ಗಂಡಮಕ್ಕಳು ಅರ್ಜಿ ಕೊಟ್ಟಾಗ ಮಾವನ ಮನಿ ಐತೇನಂತ ಕೇಳ್ತೀರೇನ್ರಿ? ಅದು ಹೋಗ್ಲಿ, ಅಪ್ಪನ ಮನಿ ಐತೇನಂತ ಕೇಳ್ತೀರೇನ್ರಿ?"

ಒಳಗಿನಿಂದ ಅವರ ಮನೆಯವರು ಕೆಮ್ಮಿದ ಸದ್ದಾಯಿತು. ನಗುವನ್ನು ಕೆಮ್ಮು ಮಾಡುವ ಕಲೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಚೆನ್ನಾಗಿ ಬರುತ್ತದೆ. ಅಧ್ಯಕ್ಷರು ಎಣ್ಣೆಯ ಬಟ್ಟಲು ಮುಚ್ಚಿ, "ಬರೂ ವರ್ಷ ಅರ್ಜಿ ಕೊಡ್ರಿ, ಮತ್ತ ತಪಾಸಣಿ ಮಾಡೋಣು" ಎಂದರು. ಬರುವ ವರ್ಷಕ್ಕೆ ಆ ಮನೆಯಲ್ಲಿ ಹತ್ತಿಯ ಅಂಡಿಗೆಗಳು ವಾಸವಾಗಿರುತ್ತವೆ, ನನ್ನ ಖೋಲಿಯಲ್ಲಿ ಮೆಣಸಿನಕಾಯಿ. ನಾನೂ ಅವ್ವನೂ ಮಾತ್ರ ಹೊರಗೆ. ಆಗುವುದಿಲ್ಲ ಎಂದು ಅಲ್ಲಿಯೇ ಹೇಳಿ ಬಂದೆ.

ಮನೆಯಿಲ್ಲದವರಿಗೆ ಮನೆ ಕೊಡಿಸಲು ಹೊರಟ ಆ ಸಂಘಕ್ಕೆ ಸ್ವಂತ ಮನೆ ಇರಲಿಲ್ಲ. ಮಂಡಳಿಯ ತಿಂಗಳ ಸಭೆ ಸರದಿಯ ಮೇಲೆ ಒಂದೊಂದು ಊರಿನಲ್ಲಿ, ಕರೆದ ಸದಸ್ಯರ ಮನೆಯಲ್ಲಿ ನಡೆಯುವ ಪದ್ಧತಿ. ಕರೆದವರು ಮಂಡಕ್ಕಿ, ಮಿರ್ಚಿ ಭಜಿ, ಚಹಾದ ವ್ಯವಸ್ಥೆ ಮಾಡಬೇಕು. ಆ ಸಲ ಸವಣೂರಿನ ಸರದಿ. ಮಿರ್ಚಿಯ ಖರ್ಚಿಗೆ ಹೆದರಿ ಯಾರೂ ಮುಂದೆ ಬರದೆ ಇದ್ದಾಗ ನಾನು ಕರೆದೆ. ಸುಖವಾಗಿ ವಾಸವಾಗಿರುವವರು ಕರೆಯುತ್ತಿದ್ದಾರೆಂದು ಎಲ್ಲರೂ ಸಂತೋಷದಿಂದ ಒಪ್ಪಿದರು.

ಅವರಿಗೆ ವಿಳಾಸ ಕೊಟ್ಟದ್ದು ಗಿರಣಿಯ ಹಿಂದಿನ ಖೋಲಿಯದು.

ಈ ಸಲ ಯಾವ ಸಿದ್ಧತೆಯನ್ನೂ ಮಾಡಲಿಲ್ಲ. ಕಸ ಗುಡಿಸುವುದಕ್ಕೆ ಹೋದ ಅವ್ವನ ಕೈಯಿಂದ ಕಸಬರಿಗೆ ಕಸಿದುಕೊಂಡೆ. "ಮಂದಿ ಏನಂತಾರ?" ಎಂದಳು. "ಅನ್ನಲಿ ಅಂತನ ಕರದೇನಿ" ಎಂದೆ. ಮಂಡಳಿಯ ಐವರೂ ಬಂದು ಒಂದು ಚಾಪೆಯ ಮೇಲೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಚಹಾದ ಬಟ್ಟಲು ಎರಡೇ ಇದ್ದವು, ಇಬ್ಬರು ಕುಡಿಯುವ ತನಕ ಮೂವರು ಅವರ ಬಾಯಿ ನೋಡಬೇಕಾಯಿತು. ಅಧ್ಯಕ್ಷರು ಸುತ್ತ ನೋಡಿ, "ಇದು ಯಾರ ಖೋಲಿ?" ಎಂದು ಕೇಳಿದರು. "ಗಿರಣಿ ಮಾಲೀಕರದು. ನಾವು ಇರೋದು ಇಲ್ಲೇ" ಎಂದೆ. ನನ್ನ ಅರ್ಜಿಯನ್ನು ಮತ್ತೆ ಸಭೆಯ ಮುಂದೆ ಇಡಬೇಕೆಂದೂ, ಕೊಡುವುದಿಲ್ಲವಾದರೆ ಕಾರಣವನ್ನು ಎಲ್ಲರೂ ಕೇಳುವ ಹಾಗೆ ಹೇಳಬೇಕೆಂದೂ ಎದ್ದು ನಿಂತು ಕೇಳಿದೆ.

ಅಧ್ಯಕ್ಷರು ಕಾರಣ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕರೆಂಟು ಬಂತು, ಗಿರಣಿ ಚಾಲೂ ಆಯಿತು.

ಗೋಡೆಯ ಮೇಲಿನ ಸಂದಿಯಿಂದ ಹಿಟ್ಟು ಮೋಡದ ಹಾಗೆ ಇಳಿಯಿತು. ಐವರೂ ನಿಧಾನವಾಗಿ ಬೆಳ್ಳಗಾಗತೊಡಗಿದರು. ಅಧ್ಯಕ್ಷರು ಹೆಡ್‌ಮಾಸ್ತರರು, ಸದ್ದಿಗೆ ಸೋಲುವವರಲ್ಲ. ದನಿ ಏರಿಸಿದರು. ಗಿರಣಿಯ ಪಟ್ಟಾ ಇನ್ನೂ ಜೋರಾಗಿ ಬಡಿಯಿತು. ಅವರು ಇನ್ನೂ ಏರಿಸಿದರು. ಕುತ್ತಿಗೆಯ ನರ ಉಬ್ಬಿದ್ದು ಕಾಣುತ್ತಿತ್ತು, ಮಾತು ಒಂದೂ ಕೇಳುತ್ತಿರಲಿಲ್ಲ. ಹೀಗೆ ಅವರು ಸರ್ವಶಕ್ತಿಯಿಂದ ಕೂಗುತ್ತಿರುವಾಗ ಕರೆಂಟು ಹೋಯಿತು. ಗಿರಣಿ ಥಟ್ಟನೆ ನಿಂತಿತು. ಆ ನಿಶ್ಶಬ್ದದಲ್ಲಿ ಅಧ್ಯಕ್ಷರ ದನಿಯೊಂದೇ ಓಣಿಯ ತುದಿಯವರೆಗೆ ಹೋಯಿತು.

"ಹೆಣ್ಣಮಕ್ಕಳಿಗೆ ಸ್ವಂತ ಮನಿ ಯಾಕ ಬೇಕಂತೇನಿ!"

ಗಿರಣಿಯ ಮುಂದೆ ಜೋಳದ ಬುಟ್ಟಿ ಇಟ್ಟುಕೊಂಡು ಕಾಯುತ್ತಿದ್ದವರೆಲ್ಲ ಹೆಂಗಸರೇ. ಅವರಲ್ಲಿ ಒಬ್ಬಾಕೆ ಬಾಗಿಲಿಗೆ ಬಂದು ಇಣುಕಿದಳು. ಅವಳ ಹಿಂದೆ ಉಳಿದವರೂ ಬಂದರು.

"ಏನಂತಾರ್ರಿ ಅಕ್ಕೋರ, ಈ ಹಿರ್ಯಾರು?"

"ನನಗ ಮನಿ ಯಾಕ ಬೇಕಂತ ಕೇಳಾಕತ್ತಾರವ್ವಾ."

"ಹೌದಾ. ಮನ್ಯಾಗ ಕಸ ಹೊಡಿಯೋದು ಯಾರಂತ, ಅವರ ಹೊಡೀತಾರಂತೇನು?"

ಅವಳ ಹಿಂದಿದ್ದ ಮುದುಕಿ ಹೇಳಿದಳು. "ಅವರ ಮಾರಿ ನೋಡಬೇ, ಹಿಟ್ಟಾಗೈತಿ. ಒಂದು ತಾಸು ಕುಂತದ್ದಕ್ಕ ಹಿಂಗಾಗ್ಯಾರ. ಈ ಅವ್ವ ವರ್ಷಗಟ್ಟಲೆ ಕುಂತಾಳ."

"ಖರೆ ಐತ್ರಿ" ಎಂದರು ಹಾನಗಲ್ಲಿನ ಮಾಸ್ತರರು.

ಅವರ ಜೀವಮಾನದಲ್ಲಿ ಆ ಮಾತಿಗೆ ಅಷ್ಟು ಬೆಲೆ ಎಂದೂ ಬಂದಿರಲಿಕ್ಕಿಲ್ಲ. ಉಳಿದ ಮೂವರು ಧೋತರದ ಹಿಟ್ಟು ಕೊಡವಿಕೊಳ್ಳುತ್ತ, ಹೌದು, ಮಂಜೂರು ಮಾಡೋಣ ಎಂದರು. ಕರೆಂಟು ಮತ್ತೆ ಬರುವುದರೊಳಗೆ ಸಭೆ ಮುಗಿಸಬೇಕೆಂಬ ಆತುರವೂ ಅವರಿಗೆ ಇದ್ದಂತೆ ಕಂಡಿತು. ಹೆಂಗಸರು ಬಾಗಿಲು ಬಿಟ್ಟು ಸರಿಯಲಿಲ್ಲ.

ಅಧ್ಯಕ್ಷರು ಕೊನೆಯ ಮಾತು ತಮ್ಮದಿರಲೆಂದು ಗಂಟಲು ಸರಿಮಾಡಿಕೊಂಡರು. "ಆತು, ಮಂಜೂರು ಮಾಡೋಣು. ಆದ್ರ ಖರೀದಿ ಪತ್ರದಾಗ ಯಾರರ ಒಬ್ರು ಗಂಡಸರ ಹೆಸರು ಜೋಡಿ ಇರ್ಲಿ. ಮುಂದ ತ್ರಾಸ ಆಗಬಾರದು."

"ನನ್ನ ಕಡೆ ಗಂಡಸರಿಲ್ರಿ ಸರ್. ಮೊದಲ ಪಾಲಿನ ಜೋಡಿ ಅದನ್ನೂ ಸಂಘದಿಂದ ಕೊಡೋ ಯೋಜನೆ ಇದ್ರ ಹೇಳ್ರಿ, ಇನ್ನೊಂದು ಅರ್ಜಿ ಬರಕೊಡ್ತೇನಿ. ಇಲ್ಲಂದ್ರ ನನ್ನ ಹೆಸರೊಂದ ಇರತೈತಿ."

ಬಾಗಿಲಲ್ಲಿದ್ದವರು ಯಾರೂ ಕೆಮ್ಮಿನ ನೆಪ ಹುಡುಕಲಿಲ್ಲ, ಬಾಯ್ತುಂಬ ನಕ್ಕರು. ಅವ್ವ ಕೂಡ. ಅಧ್ಯಕ್ಷರು ತಣ್ಣಗಾದ ಮಿರ್ಚಿಯೊಂದನ್ನು ಎತ್ತಿಕೊಂಡು, ಅದರ ಮೇಲಿನ ಹಿಟ್ಟು ಊದಿ, ತಿಂದರು. ಆ ಷರತ್ತನ್ನು ಮತ್ತೆ ಎತ್ತಲಿಲ್ಲ.

ಸಂಘದ ಹಣ ಮುಂದಿನ ತಿಂಗಳು ಕೈಗೆ ಬಂತು. ಮೊಹರಂಗೆ ಮೊದಲು ಆ ಮನೆ ನನ್ನೊಬ್ಬಳ ಹೆಸರಿಗೆ ನೋಂದಣಿಯಾಯಿತು.