ಹ್ಯಾಂಡಲಿನ ಕೆಳಗಿನ ಕನ್ನಡಿ

ನಮ್ಮ ಯಜಮಾನರ ಕಿವಿ ಹೋದದ್ದು ವಯಸ್ಸಿನಿಂದ ಅಲ್ಲ, ಕ್ವಿನೈನಿನಿಂದ. ನಾಲೆಯ ನೀರು ಬಂದು ಮಂಡ್ಯದ ಸೀಮೆ ಹಸಿರಾಯಿತು ಎಂದು ಎಲ್ಲರೂ ಹೇಳುತ್ತಾರೆ. ಅದೇ ನೀರಿನ ಜೊತೆ ಸೊಳ್ಳೆಯೂ ಚಳಿಜ್ವರವೂ ಬಂದವು ಎಂಬುದನ್ನು ಜ್ವರದಲ್ಲಿ ನಡುಗಿದವರಷ್ಟೇ ಹೇಳುತ್ತಾರೆ. ಅವರದು ಸಕ್ಕರೆ ಕಾರ್ಖಾನೆಯ ಮೋಟಾರ್ ಸೈಕಲ್ಲಿನಲ್ಲಿ ಕಬ್ಬಿನ ಗದ್ದೆಗಳನ್ನು ಸುತ್ತಿ ಬೆಳೆ ನೋಡಿ ಬರುವ ಕೆಲಸ. ರಜೆ ಹಾಕಲು ಹೆದರಿ ಆ ಕಹಿ ಮಾತ್ರೆಯನ್ನು ಕಡಲೆಕಾಯಿ ತಿಂದ ಹಾಗೆ ತಿಂದರು. ಜ್ವರ ಹೋಯಿತು, ಹೋಗುವಾಗ ಕಿವಿಯನ್ನೂ ಕರೆದುಕೊಂಡು ಹೋಯಿತು. ಎದುರಿಗೆ ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಬೆನ್ನ ಹಿಂದೆ ತಮಟೆ ಬಡಿದರೂ ತಿರುಗುತ್ತಿರಲಿಲ್ಲ.

ಇದು ಹೊರಗೆ ಗೊತ್ತಾದರೆ ಕೆಲಸ ಹೋಗುತ್ತಿತ್ತು. ಕಿವುಡನ ಕೈಗೆ ಮೋಟಾರ್ ಸೈಕಲ್ಲನ್ನು ಯಾರು ಕೊಡುತ್ತಾರೆ? ಅದು ಯುದ್ಧದ ಕಾಲ ಬೇರೆ, ಸೀಮೆಎಣ್ಣೆಗೂ ಸಾಲು ನಿಲ್ಲಬೇಕಾಗಿತ್ತು. ಹಾಗಾಗಿ ಅವರ ಕಿವಿಯ ಕೆಲಸ ನನ್ನ ಪಾಲಿಗೆ ಬಂತು.

ಹಿಂದಿನ ಸೀಟಿನಲ್ಲಿ ಎಡಗಡೆಗೆ ಕಾಲು ಇಳಿಬಿಟ್ಟು ಕೂರುತ್ತಿದ್ದೆ. ಹಿಂದಿನಿಂದ ಬಸ್ಸೋ ಲಾರಿಯೋ ಹಾರನ್ ಹೊಡೆದರೆ ಅವರ ಭುಜ ಒತ್ತಬೇಕು, ಅವರು ಎಡಕ್ಕೆ ಸರಿಯಬೇಕು. ಇಷ್ಟೇ ನನ್ನ ನೌಕರಿ. ಮಂಡ್ಯದಿಂದ ಮದ್ದೂರು, ಮದ್ದೂರಿನಿಂದ ಮಳವಳ್ಳಿ, ಇನ್ನೊಂದು ದಿನ ದುದ್ದ. ಧೂಳು ಕುಡಿದು ಕುಡಿದು ಗಂಟಲು ಕಟ್ಟುತ್ತಿತ್ತು, ಸೊಂಟ ನನ್ನದೋ ಬೇರೆಯವರದೋ ಎನ್ನುವಂತಾಗುತ್ತಿತ್ತು. ಹಳ್ಳಿಯ ಹಿರಿಯರ ಎದುರಿಗೆ ಹೆಂಗಸು ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿಯುವಂತಿರಲಿಲ್ಲ. ಊರಾಚೆಯೇ ಇಳಿದು, ಅವರು ಗದ್ದೆ ನೋಡಿ ಬರುವ ತನಕ ಯಾವುದಾದರೊಂದು ಹುಣಸೆಮರದ ಕೆಳಗೆ ಕಾಯುತ್ತಿದ್ದೆ.

ಇದರ ಮೇಲೆ ಜನರ ತಮಾಷೆ. ದುದ್ದದಲ್ಲಿ ಅವರ ಓರಗೆಯವನೊಬ್ಬನಿದ್ದ. ದಾರಿಯಲ್ಲಿ ಕಂಡಾಗಲೆಲ್ಲ ಅದೇ ರಾಗ.

"ಇದ್ಯಾಕ್ಲಾ, ಎಂಡ್ತೀನ ಎಗಲಿಗೆ ಕಟ್ಕಂಡು ತಿರುಗ್ತೀಯಾ? ಮನೇಲಿ ಬುಟ್ರೆ ಯಾರಾರ ಎತ್ಕಂಡ್ ಓಯ್ತಾರೇನ್ಲಾ?"

ಇವರು ತುಟಿ ನೋಡಿ ನಗುತ್ತಿದ್ದರು. ನಿಜ ಹೇಳುವಂತಿಲ್ಲವಲ್ಲ, ನಾನೂ ಸೆರಗು ಬಾಯಿಗಿಟ್ಟು ನಗುತ್ತಿದ್ದೆ. ಆ ನಗು ನನ್ನನ್ನು ದಣಿಸಿದಷ್ಟು ರಸ್ತೆಯೂ ದಣಿಸಲಿಲ್ಲ.

ಒಂದು ಸಲ ನನಗೇ ಜ್ವರ ಬಂದು ಮಲಗಿದೆ. ಅವರು ಒಬ್ಬರೇ ಹೋದರು. ಸಂಜೆ ಬಂದಾಗ ಮೊಣಕೈ ತರಚಿ ಅಂಗಿಯೆಲ್ಲ ಕೆಸರಾಗಿತ್ತು. ಗೆಜ್ಜಲಗೆರೆಯ ಹತ್ತಿರ ಬಸ್ಸು ಮೈಗೆ ಸವರಿಕೊಂಡೇ ಹೋಗಿ, ಇವರು ಗಾಡಿ ಸಮೇತ ಚರಂಡಿಗೆ ಇಳಿದಿದ್ದರು. ಕಂಡಕ್ಟರ್ ಓಡಿಬಂದು ಬೈದನಂತೆ.

"ಏನಂದ?" ಎಂದು ಕೇಳಿದೆ.

"'ಕಿವಿ ಕೇಳಾಕಿಲ್ವೇನಯ್ಯಾ ನಿಂಗೆ' ಅಂದ. ಅವ್ನ ತುಟಿ ಚೆನ್ನಾಗಿ ತಿಳೀತು ಕಣಮ್ಮಿ," ಎಂದರು.

ಆ ರಾತ್ರಿ ನನ್ನ ಅಳು ನಿಲ್ಲಲೇ ಇಲ್ಲ. ಅವರಿಗೆ ಅದೂ ಕೇಳಲಿಲ್ಲ.

ಜ್ವರ ಬಿಟ್ಟ ಮೇಲೆ, ಹಿಂದೆ ಬರುವುದು ಕಾಣಲೆಂದು ಗಾಡಿಗೆ ಕನ್ನಡಿ ಹಾಕಿಸಲು ಇಬ್ಬರೂ ಮದ್ದೂರಿನ ರಿಪೇರಿ ಅಂಗಡಿಗೆ ಹೋದೆವು. ಅಂಗಡಿಯ ಸಾಬರು ಕೆಟ್ಟು ನಿಂತ ಲಾರಿಯೊಂದರ ದುಂಡು ಕನ್ನಡಿ ಹುಡುಕಿ ಹ್ಯಾಂಡಲಿನ ಮೇಲೆ ಬಲಗಡೆಗೆ ಕೂರಿಸಿದರು. ಅದರಲ್ಲಿ ಇವರಿಗೆ ಕಂಡದ್ದು ಹೆಚ್ಚಾಗಿ ಇವರದೇ ಭುಜ. ವಾರ ಕಳೆಯುವುದರೊಳಗೆ ಎದುರಿಗೆ ಬಂದ ಕಬ್ಬಿನ ಗಾಡಿಯಿಂದ ಹೊರಚಾಚಿದ್ದ ಜಲ್ಲೆಗಳು ಅದನ್ನೂ ಕಿತ್ತುಕೊಂಡು ಹೋದವು. ಮತ್ತೆ ಸಾಬರ ಹತ್ತಿರವೇ ಬಂದೆವು.

"ಮ್ಯಾಲಿಟ್ರೆ ನಿಮ್ ಕಬ್ಬು ಬುಡಾಕಿಲ್ಲ ಸ್ವಾಮಿ, ಕೆಳಿಕ್ಕೆ ತೂಗಾಕ್ತೀನಿ. ಮೊಣಕೈ ಸಂದೀಲಿ ನೋಡ್ಕಳಿ," ಎಂದು ಸಾಬರು ಕನ್ನಡಿ ಹಿಡಿಯುವ ಕಬ್ಬಿಣದ ಪಟ್ಟಿಯನ್ನು ತಲೆಕೆಳಗು ಮಾಡಿ, ಇನ್ನೊಂದು ಕನ್ನಡಿಯನ್ನು ಹ್ಯಾಂಡಲಿನ ಕೆಳಗೆ ಬಿಗಿದರು. ನಾವಿಬ್ಬರೂ ಹತ್ತಿ ಕೂತೆವು.

"ಏನ್ ಕಾಣ್ತದೆ?" ಸಾಬರು ಎದುರಿಗೆ ನಿಂತು ಕೇಳಿದರು.

ಇವರು ತಲೆ ಬಗ್ಗಿಸಿ ನೋಡಿದರು. "ಇವ್ಳ ಬೆನ್ನು. ಸೆರಗು."

ಸಾಬರು ನಾಚಿಕೊಂಡು ನೆಲ ನೋಡಿದರು. ನಾನು ಇಳಿದು ಪಕ್ಕಕ್ಕೆ ನಿಂತೆ.

"ಈಗ?"

"ರಸ್ತೆ," ಎಂದರು ಇವರು. ಧ್ವನಿ ಎಷ್ಟು ಏರಿತ್ತೆಂದರೆ ಪಕ್ಕದ ಅಂಗಡಿಯವರೂ ತಿರುಗಿ ನೋಡಿದರು. "ಒಳೆ ಸೇತುವೆ ತಂಕ ರಸ್ತೆ ಕಾಣ್ತದೆ!"

ಅಲ್ಲಿಗೆ ತೀರ್ಮಾನವಾಯಿತು. ಆ ಕನ್ನಡಿಯಲ್ಲಿ ರಸ್ತೆ ಇರಬೇಕು, ಇಲ್ಲವೇ ನಾನಿರಬೇಕು. ನನ್ನ ಸೊಂಟಕ್ಕೆ ಹಬ್ಬವೇ ಬಂದಂತಾಯಿತು, ಸುಳ್ಳೇಕೆ ಹೇಳಲಿ. ಆದರೂ ಅಷ್ಟು ದಿನ ನಾನು ಮಾಡಿದ ಕೆಲಸವನ್ನು ಅಂಗೈಯಗಲದ ಗಾಜು ಮಾಡಿಬಿಡುತ್ತದಲ್ಲ ಎಂದು ಸಿಟ್ಟೂ ಬಂತು.

"ನೀವು ಮುಂದೆ ಓಗಿ, ನಾನು ಬಸ್ಸಲ್ಲಿ ಬತ್ತೀನಿ," ಎಂದೆ.

ಯುದ್ಧದಿಂದ ಪೆಟ್ರೋಲಿಗೆ ಅಭಾವವಾಗಿ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಅದು. ಡ್ರೈವರನ ಹಿಂದೆಯೇ ಜಾಗ ಸಿಕ್ಕಿತು. ಗೆಜ್ಜಲಗೆರೆ ಹತ್ತಿರವಾಗುವಾಗ ಮುಂದೆ ಅವರ ಬೆನ್ನು ಕಂಡಿತು. ನಡುರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಿದ್ದರು. ಡ್ರೈವರ್ ಹಾರನ್ನಿನ ರಬ್ಬರು ಬುರುಡೆ ಹಿಸುಕಿದ. ಅವರು ಸರಿಯಲಿಲ್ಲ. ಮತ್ತೆ ಹಿಸುಕಿದ. ನನ್ನ ಕೈ ತಾನಾಗಿಯೇ ಮುಂದಿನ ಕಂಬಿಯನ್ನು ಒತ್ತುತ್ತಿತ್ತು, ಅದು ಅವರ ಭುಜವೇ ಎನ್ನುವ ಹಾಗೆ. ಕೂಗಿ ಏನು ಪ್ರಯೋಜನ? ಬಸ್ಸು ಇನ್ನೂ ಹತ್ತಿರವಾಯಿತು. ಆಗ ಅವರ ತಲೆ ಒಂದು ಸಲ ಬಗ್ಗಿತು. ಗಾಡಿ ಮೆಲ್ಲಗೆ ಎಡಕ್ಕೆ ಸರಿಯಿತು.

"ಪರವಾಗಿಲ್ಲ, ಮರ್ವಾದಸ್ತ. ನಮಸ್ಕಾರ ಆಕಿ ದಾರಿ ಬುಟ್ಟ," ಎಂದ ಡ್ರೈವರ್.

ಕನ್ನಡಿ ನೋಡಲು ಬಗ್ಗುವ ಆ ತಲೆಯನ್ನು ಎಲ್ಲರೂ ನಮಸ್ಕಾರವೆಂದೇ ತಿಳಿದರು. ಮಳವಳ್ಳಿಯ ದಾರಿಯಲ್ಲಿ ಗದ್ದೆಯವರು ಎದ್ದು ನಿಂತು ಕೈಮುಗಿಯತೊಡಗಿದರು. ಒಳ್ಳೆಯವರೆಂಬ ಹೆಸರು ಅವರಿಗೆ ಪುಕ್ಕಟೆಯಾಗಿ ಬಂತು. ಕೆಲಸ ಉಳಿಯಿತು.

ಮನೆಯಲ್ಲಿ ಮಾತ್ರ ಏನೂ ಬದಲಾಗಲಿಲ್ಲ. ಅವರು ಗೋಡೆಗೆ ಮುಖ ಮಾಡಿ ಊಟಕ್ಕೆ ಕೂರುತ್ತಿದ್ದರು. ಹಿಂದಿನಿಂದ ಹೋಗಿ ಭುಜ ಮುಟ್ಟಿದರೆ ಬೆಚ್ಚಿಬೀಳುತ್ತಿದ್ದರು. ಪ್ರತಿ ಊಟಕ್ಕೂ ಅವರನ್ನು ಬೆಚ್ಚಿಸಿ ಬೆಚ್ಚಿಸಿ ನನಗೇ ಸಾಕಾಗಿತ್ತು. ಕೊನೆಗೆ ನನ್ನ ಹಣೆ ನೋಡಿಕೊಳ್ಳುವ ಕನ್ನಡಿಯನ್ನು ಅವರ ಎದುರಿನ ಗೋಡೆಗೆ, ನೆಲದಿಂದ ಮೊಳದೆತ್ತರಕ್ಕೆ ಮೊಳೆ ಹೊಡೆದು ತೂಗುಹಾಕಿದೆ. ಅವರನ್ನು ಕೇಳಲೂ ಇಲ್ಲ.

ಅಂದು ಮಧ್ಯಾಹ್ನ ಸಾರಿನ ಪಾತ್ರೆ ಹಿಡಿದು ಹಿಂದಿನಿಂದ ಬಂದೆ. ಅವರ ತಲೆ ಒಂದು ಸಲ ಬಗ್ಗಿತು. ಕನ್ನಡಿಯಲ್ಲಿ ನನ್ನನ್ನು ಕಂಡರು. ಬೆಚ್ಚಲಿಲ್ಲ. ತಟ್ಟೆಯನ್ನು ಎಳೆದುಕೊಂಡು, ಮಣೆ ಸಮೇತ ಎಡಕ್ಕೆ ಸರಿದು ನನಗೆ ದಾರಿ ಬಿಟ್ಟರು.

ಬಡಿಸುವವಳು ಗಂಡನ ಪಕ್ಕ ಕೂರುವ ಪದ್ಧತಿ ನಮ್ಮಲ್ಲಿರಲಿಲ್ಲ. ನಾನು ತುಂಬ ದಣಿದಿದ್ದೆ. ಸೌಟು ಹಿಡಿದುಕೊಂಡೇ, ಅವರು ಬಿಟ್ಟ ಜಾಗದಲ್ಲಿ ಕೂತುಬಿಟ್ಟೆ.