ಕಚ್ಚಾ ಹೊಲಿಗೆಯ ಅಕ್ಕ

ನಮ್ಮಕ್ಕನಿಗೆ ‘ನೋಡೋಣ’ ಅನ್ನುವ ಮಾತೇ ಮನೆದೇವರು. ಟೀ ಬೇಕೋ ಕಾಫಿ ಬೇಕೋ ಎಂದು ಕೇಳಿದರೂ ಮೀನ ಮೇಷ ಎಣಿಸುವವಳು. ಮದುವೆಯ ಮಾತು ಬಂದರಂತೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಏನಾದರೊಂದು ಹೇಳಿ ಜಾರಿಕೊಳ್ಳುತ್ತಿದ್ದಳು.

ಇಬ್ಬರೂ ಸೇರಿ ಟೈಲರ್ ಅಂಗಡಿ ನಡೆಸುತ್ತೇವೆ. ಕತ್ತರಿಸುವುದು, ಹೊಲಿಯುವುದು ಅವಳದು. ಕಾಜಾ, ಗುಂಡಿ, ಇಸ್ತ್ರಿ ಮತ್ತು ಬಾಯಿ ನನ್ನದು. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಕ್ಕ ಯಾರದೋ ಕೋಟಿನ ಬಟ್ಟೆಯನ್ನು ಒಂದು ಗೇಣು ಗಿಡ್ಡ ಕತ್ತರಿಸಿಬಿಟ್ಟಿದ್ದಳು. ಅಂದಿನಿಂದ ಏನು ಹೊಲಿದರೂ ಮೊದಲು ಕಚ್ಚಾ ಹೊಲಿಗೆ. ಬಿಳಿ ದಾರದಲ್ಲಿ ಉದ್ದುದ್ದ ಹಾಕಿದ್ದು, ಎಳೆದರೆ ಬಿಚ್ಚಿಕೊಳ್ಳುವಂಥದ್ದು. ಮೂರು ಸಲ ತೊಡಿಸಿ ನೋಡಿದ ಮೇಲೇ ಪಕ್ಕಾ ಹೊಲಿಗೆ.

ಎದುರಿನ ಗಡಿಯಾರ ರಿಪೇರಿಯವನು ಒಂದು ಕೋಟು ಹೊಲಿಯಲು ಕೊಟ್ಟ. ಅವನಿಗೆ ಮೂರಲ್ಲ, ಹನ್ನೊಂದು ಸಲ ತೊಡಿಸಿ ನೋಡಿದಳು! ಅವನೂ ಪ್ರತಿ ಸಲ ಬಂದು ಕೈ ಚಾಚಿ ನಿಲ್ಲುತ್ತಿದ್ದ. ಊರಿಗೆಲ್ಲ ಟೈಮು ಸರಿಮಾಡುವವನಿಗೆ ನಮ್ಮ ಅಂಗಡಿಯಲ್ಲಿ ಟೈಮು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಹನ್ನೊಂದನೇ ಸಲ ಅವನೇ ಬಾಯಿಬಿಟ್ಟ. “ಬೇರೆ ಊರಲ್ಲಿ ಒಂದು ಕೆಲಸಕ್ಕೆ ಕರೆದಿದಾರೆ. ಶನಿವಾರ ಉತ್ತರ ಕೊಡ್ಬೇಕು. ನೀವು ಇರಿ ಅಂದ್ರೆ ಇಲ್ಲೇ ಇರ್ತೀನಿ, ಮದುವೆ ಮಾಡ್ಕೊಂಡು.”

“ನೋಡೋಣ,” ಎಂದಳು ಅಕ್ಕ. ಅವಳನ್ನು ಇಸ್ತ್ರಿಪೆಟ್ಟಿಗೆಯಲ್ಲೇ ಬಡಿಯೋಣ ಅನ್ನಿಸಿತು ನನಗೆ.

ಅವನು ಹೋದ ಮೇಲೆ ಕೇಳಿದೆ, “ನಿಂಗೆ ಅವರು ಇಷ್ಟ ಇಲ್ವೇನೇ?”

“ತುಂಬಾ ಇಷ್ಟ. ಅದಕ್ಕೇ ಭಯ. ತಪ್ಪಾಗಿ ಕತ್ತರಿಸಿದ್ರೆ ಬಟ್ಟೆ ಬೇರೆ ತರ್ಬಹುದು ಕಣೇ, ಇದನ್ನ ಎಲ್ಲಿಂದ ತರೋದು? ಜೊತೆಗೆ ನೀನೊಬ್ಳೇ ಆಗ್ತೀಯ.”

“ನನ್ನ ಮೇಲೆ ಹಾಕ್ಬೇಡ,” ಎಂದು ಮುಖ ಊದಿಸಿದೆ. ನಿಜ ಹೇಳುತ್ತೇನೆ, ಅವಳು ‘ನೋಡೋಣ’ ಎಂದಾಗ ನನಗೆ ಸಿಟ್ಟಿನ ಜೊತೆ ಒಳಗೊಳಗೇ ಖುಷಿಯೂ ಆಗಿತ್ತು. ಅಕ್ಕನಿಲ್ಲದ ಮನೆಯನ್ನು ನೆನೆಯುವುದೇ ನನಗೆ ಬೇಡವಾಗಿತ್ತು. ಆಮೇಲೆ ಆ ಖುಷಿಗೆ ನಾಚಿಕೆಯಾಯಿತು.

ಶನಿವಾರ ಮಧ್ಯಾಹ್ನ ಅವನು ಬಂದಾಗ ಅಕ್ಕ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು ಅಂಚಿಗೆ ಕೈಹೊಲಿಗೆ ಹಾಕುತ್ತಿದ್ದಳು. ಪಕ್ಕಾ ಹೊಲಿಗೆ. ಬೆಳಿಗ್ಗೆಯಿಂದ ಕೈ ಸೂಜಿಯ ಮೇಲೆ, ಕಣ್ಣು ಎದುರಿನ ಅಂಗಡಿಯ ಮೇಲೆ.

“ಮುಗೀತು,” ಎಂದು ದಾರ ಕಡಿದು, ಎದ್ದು ಕೋಟು ಚಾಚಿದಳು. ಅವನು ಹಿಡಿದು ಎಳೆದುಕೊಂಡ. ಕೋಟಿನ ಜೊತೆ ಅಕ್ಕನೂ ಹೋದಳು! ಕೋಟಿನ ಅಂಚನ್ನು ತನ್ನ ಸ್ಕರ್ಟಿಗೇ ಸೇರಿಸಿ ಹೊಲಿದುಕೊಂಡಿದ್ದಳು.

“ಎಳೆದ್ರೆ ಬಿಚ್ಕೊಳಲ್ವಾ?” ಎಂದ ಅವನು, ಗಾಬರಿಯಲ್ಲಿ.

“ಇದು ಪಕ್ಕಾ ಹೊಲಿಗೆ ರೀ. ಕತ್ತರಿಸ್ಲೇಬೇಕು.” ಅಕ್ಕನ ಮುಖ ಕೆಂಪಾಗಿತ್ತು. “ಕತ್ತರಿ ಎಲ್ಲೇ?”

ಕತ್ತರಿ ನನ್ನ ಮುಂದೆಯೇ ಇತ್ತು. ಅದನ್ನು ಇಸ್ತ್ರಿ ಬಟ್ಟೆಗಳ ಕೆಳಗೆ ತಳ್ಳಿ, “ಸಾಣೆಗೆ ಹೋಗಿದೆ,” ಎಂದೆ.

ಅವಸರದಲ್ಲಿ ಪೂರ್ತಿ ತಳ್ಳಿರಲಿಲ್ಲ. ಹಿಡಿ ಹೊರಗೇ ಕಾಣುತ್ತಿತ್ತು. ಅಕ್ಕ ಆ ಹಿಡಿಯನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಕತ್ತರಿ ಇಲ್ವಂತೆ,” ಎಂದಳು ಅವನಿಗೆ. “ಇಲ್ಲೇ ಇರಿ. ನಮ್ಮ ಜೊತೆ.”

ಅವನು ಕೋಟನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡು ನಿಂತ. ನಾನೇ ಸ್ಟೂಲು ಎಳೆದು ಹಾಕಿದೆ.

“ಎಷ್ಟು ಹೊತ್ತು ನಿಂತಿರ್ತೀರಿ? ಕೂತ್ಕೊಳ್ಳಿ ಭಾವ.”