ಲ್ಯಾಪ್‌ಟಾಪಿನ ವೇಗ ಇಳಿದದ್ದು

ಉಮ್ಮನಿಗೆ ಡಯಾಲಿಸಿಸ್ ಶುರುವಾದ ಮೇಲೆ ನಾನು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮಾತು ಬಿಟ್ಟೆ. ವಾರಕ್ಕೆ ಎರಡು ಸಲ ಅವಳನ್ನು ಕಡಬದಿಂದ ಪುತ್ತೂರಿಗೆ ಬಸ್ಸಿನಲ್ಲಿ ಕರೆದುಕೊಂಡು ಹೋಗಬೇಕು. ಬೆಳಗಿನ ಹೊತ್ತು ನನ್ನ ತಂದೆ, ಉಪ್ಪ, ಮರದಿಂದ ಹಾಲು ಇಳಿಸುವ ರಬ್ಬರ್ ಟ್ಯಾಪಿಂಗಿನಲ್ಲಿರುತ್ತಾರೆ. ಸಂಖ್ಯಾಶಾಸ್ತ್ರ ಓದಿದ ನನಗೆ ಮನೆಯಲ್ಲೇ ಕುಳಿತು ಮಾಡುವಂಥ ಕೆಲಸವೊಂದು ಸಿಗುವ ಹಾಗಿತ್ತು. ಕಂಪನಿಯವರ ಕೊನೆಯ ಪರೀಕ್ಷೆ ಮಾತ್ರ ಬಾಕಿ. ಅವರು ಕಳಿಸುವ ದತ್ತಾಂಶವನ್ನು ನನ್ನದೇ ಲ್ಯಾಪ್‌ಟಾಪಿನಲ್ಲಿ, ಅವರು ಪರದೆ ನೋಡುತ್ತಿರುವಾಗಲೇ, ಎರಡು ಗಂಟೆಯೊಳಗೆ ವಿಶ್ಲೇಷಿಸಿ ತೋರಿಸಬೇಕು. ಇಂಥ ಕೆಲಸ ಇನ್ನೊಂದು ಸಿಗುವ ಲಕ್ಷಣ ಇರಲಿಲ್ಲ.

ಅಭ್ಯಾಸಕ್ಕೆಂದು ಹಳೆಯ ಪ್ರಾಜೆಕ್ಟಿನ ಲೆಕ್ಕವೊಂದನ್ನು ಓಡಿಸಿ ನೋಡಿದೆ. ಹಿಂದೆ ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತಿದ್ದದ್ದು ಈಗ ಉಮ್ಮ ಗಂಜಿ ಇಟ್ಟು ಇಳಿಸಿದರೂ ಮುಗಿದಿರಲಿಲ್ಲ.

ಪ್ರೊಸೆಸರ್ ಕೆಲಸವಿಲ್ಲದಾಗ ತನ್ನ ವೇಗ ಇಳಿಸಿಕೊಳ್ಳುತ್ತದೆ, ಕೆಲಸ ಬಂದಾಗ ಏರಿಸಿಕೊಳ್ಳುತ್ತದೆ. ಅದು ಕೆಳಗೇ ಸಿಕ್ಕಿಹಾಕಿಕೊಂಡಿರಬಹುದು ಎಂದುಕೊಂಡೆ. ವಿದ್ಯುತ್ ಉಳಿಸುವ ಸೆಟ್ಟಿಂಗ್ ಆಫ್ ಆಗಿಯೇ ಇತ್ತು. ಚಾರ್ಜರ್ ಸರಿಯಿತ್ತು. ಪರದೆಯ ಒಂದು ಬದಿಯಲ್ಲಿ ವೇಗ ಮತ್ತು ಶಾಖ ಕಾಣುವಂತೆ ಇಟ್ಟುಕೊಂಡು, ಇನ್ನೊಂದು ಬದಿಯಲ್ಲಿ ಬೇಕೆಂದೇ ಭಾರವಾದ ಲೆಕ್ಕ ಕೊಟ್ಟೆ. ವೇಗ ಕೂಡಲೇ ಮೂರು ಗಿಗಾಹರ್ಟ್ಸ್ ದಾಟಿತು. ಶಾಖ ನೂರು ಡಿಗ್ರಿಯ ಹತ್ತಿರ ಬಂತು. ಆಮೇಲೆ ವೇಗ ಒಂದಕ್ಕಿಂತ ಕೆಳಗಿಳಿದು ಅಲ್ಲೇ ಉಳಿಯಿತು.

“ಎಂತ ನೋಡುದು ನೀನು ಅಷ್ಟು ಹೊತ್ತಿಂದ?” ಬಾಗಿಲಲ್ಲಿ ನಿಂತಿದ್ದ ಉಮ್ಮ ಕೇಳಿದಳು.

“ಇದರ ಸ್ಪೀಡು.”

“ಓಡಿ ಎಲ್ಲಿಗೆ ಹೋಗ್ಲಿಕ್ಕುಂಟು ಅದಕ್ಕೆ?”

ಲೆಕ್ಕ ನಿಲ್ಲಿಸಿ ತಣಿಯಲು ಬಿಟ್ಟು ಮತ್ತೆ ಓಡಿಸಿದೆ. ಮತ್ತೆ ಏರಿತು, ಮತ್ತೆ ಇಳಿಯಿತು. ಹಾಗಾದರೆ ಏರಿಳಿತದಲ್ಲಿ ದೋಷವಿರಲಿಲ್ಲ. ಒಳಗಿನ ಬಿಸಿ ಹೊರಗೆ ಹೋಗದೆ, ಸುಟ್ಟುಹೋಗದಿರಲೆಂದು ಅದು ತನ್ನನ್ನು ತಾನೇ ತಡೆದುಕೊಳ್ಳುತ್ತಿತ್ತು.

ಮರುದಿನ ಡಯಾಲಿಸಿಸ್ ಮುಗಿಸಿ ಬರುವಾಗ ಪುತ್ತೂರಿನ ಒಂದು ರಿಪೇರಿ ಅಂಗಡಿಗೆ ಹೋದೆವು. ಆ ದಿನಗಳಲ್ಲಿ ಉಮ್ಮನಿಗೆ ಮಾತಾಡಲೂ ಸುಸ್ತು. ಸ್ಟೂಲಿನ ಮೇಲೆ ಕುಳಿತು ಗೋಡೆಗೆ ಒರಗಿದಳು. ಅಂಗಡಿಯವರು ಹಿಂದಿನ ಮುಚ್ಚಳ ಬಿಚ್ಚಿ ಮುಖ ಹಿಂದಕ್ಕೆ ಎಳೆದುಕೊಂಡರು.

“ಇದೆಂತ ಮಾರಾಯ್ರೆ, ಇದ್ರೊಳಗೆ ಮೀನು ಸುಟ್ಟದ್ದಾ?”

ಫ್ಯಾನಿನ ರೆಕ್ಕೆಗಳಿಗೆಲ್ಲ ಕಂದು ಬಣ್ಣದ ಜಿಗುಟು ಹಿಡಿದಿತ್ತು. ಬೆರಳಿನಿಂದ ತಿರುಗಿಸಿದರೂ ತಿರುಗಲಿಲ್ಲ. ಆ ವಾಸನೆ ನನಗೆ ಗೊತ್ತಿತ್ತು. ನಮ್ಮ ಮನೆಯ ಬಟ್ಟೆ, ಚಾಪೆ, ನನ್ನ ಕೂದಲು, ಎಲ್ಲದಕ್ಕೂ ಅದೇ ವಾಸನೆ. ಹಾಗಾಗಿಯೇ ಲ್ಯಾಪ್‌ಟಾಪಿನಲ್ಲಿ ಅದು ನನಗೆ ಬೇರೆಯಾಗಿ ತಿಳಿದಿರಲಿಲ್ಲ.

“ಧೂಳು ಇರಬೇಕು,” ಎಂದೆ.

“ಧೂಳಲ್ಲ ಮೇಡಂ, ಹೊಗೆ.”

“ನಾನೇ ಇಟ್ಟದ್ದು,” ಉಮ್ಮ ಕಣ್ಣು ತೆರೆದಳು. “ಇವಳು ಕಾಲೇಜಿನ ಪರೀಕ್ಷೆಗೆ ಮಂಗಳೂರಿಗೆ ಹೋಗುವಾಗ, ಥಂಡಿ ತಾಗದ ಹಾಗೆ ಇಡು ಅಂತ ಹೇಳಿದ್ಲು. ಅದರ ಹಿಂದಿನ ಮಳೆಗೆ ಇವಳ ಸರ್ಟಿಫಿಕೇಟಿಗೆ ಬೂಸ್ಟು ಬಂದಿತ್ತು. ರಬ್ಬರ್ ಶೀಟು ಒಣಗಿಸುವ ಹೊಗೆಕೋಣೆಯಷ್ಟು ಬೆಚ್ಚಗಿನ ಜಾಗ ನಮ್ಮಲ್ಲಿ ಬೇರೆ ಎಲ್ಲಿ ಉಂಟು? ಬಟ್ಟೆ ಸುತ್ತಿಯೇ ಇಟ್ಟದ್ದು. ಮಳೆ ಬಿಡುವವರೆಗೆ ತೆಗಿಲಿಲ್ಲ.”

ಅಂಗಡಿಯವರು ಮತ್ತೆ ತಮಾಷೆ ಮಾಡಲಿಲ್ಲ. ಸಾಧ್ಯವಾದಷ್ಟು ಒರೆಸಿ ಕೊಟ್ಟರು. ಹೊಸ ಫ್ಯಾನ್ ಬೆಂಗಳೂರಿನಿಂದ ಬರಲು ಒಂದು ವಾರವಾದರೂ ಬೇಕು ಎಂದರು. ಪರೀಕ್ಷೆ ಮರುದಿನವೇ ಇತ್ತು. ದಿನ ಮುಂದೂಡಲು ಕೇಳಿ ಬರೆದೆ. ಎಲ್ಲರಿಗೂ ಒಂದೇ ದಿನ ಎಂದು ಮರ್ಯಾದೆಯ ಉತ್ತರ ಬಂತು.

ಪರೀಕ್ಷೆಯ ಹೊತ್ತಿಗೆ ಲ್ಯಾಪ್‌ಟಾಪನ್ನು ಎರಡು ಸ್ಟೀಲ್ ಬಟ್ಟಲುಗಳ ಮೇಲೆ ಎತ್ತರಿಸಿ, ಪಕ್ಕದಲ್ಲಿ ಟೇಬಲ್ ಫ್ಯಾನ್ ಇಟ್ಟು ಕುಳಿತೆ. ಅವರು ಕೊಟ್ಟ ಲೆಕ್ಕಕ್ಕೆ ಬರೆಯಬೇಕಾದ ಕೋಡನ್ನು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ಆಮೇಲೆ ಅದು ಓಡುವುದನ್ನು ನೋಡುತ್ತ ಕೂರುವುದೊಂದೇ ಉಳಿಯಿತು.

“ಇನ್ನೂ ರನ್ ಆಗ್ತಾನೇ ಇದೆಯಾ?” ಎಂದು ಆ ಕಡೆಯ ದನಿ ಕೇಳಿತು. ಹೌದು ಎಂದೆ. ಕಾರಣ ಹೇಳಲಿಲ್ಲ. ಹೊಗೆಕೋಣೆ ಎಂದರೇನು ಎಂಬುದರಿಂದಲೇ ಶುರು ಮಾಡಬೇಕಾಗುತ್ತಿತ್ತು. ಸಮಯ ಮುಗಿದಾಗ ಅವರು ಧನ್ಯವಾದ ಹೇಳಿದರು, ಪರದೆ ಖಾಲಿಯಾಯಿತು. ಕೆಲಸ ಬೇರೆಯವರಿಗೆ ಹೋದ ಸುದ್ದಿ ಎರಡು ಸಾಲಿನಲ್ಲಿ ಬಂತು.

ಅದನ್ನು ಉಮ್ಮನಿಗೆ ಓದಿ ಹೇಳಿದೆ. ಮುಂದಿನ ಡಯಾಲಿಸಿಸ್ ದಿನ ನಾನು ಏಳುವ ಮೊದಲೇ ಅವಳು ಬುರ್ಖಾ ಹಾಕಿ, ಆಸ್ಪತ್ರೆಯ ಚೀಲ ಹಿಡಿದು ಜಗಲಿಯಲ್ಲಿ ಕುಳಿತಿದ್ದಳು.

“ನಾನೊಬ್ಬಳೇ ಹೋಗಿ ಬರ್ತೇನೆ. ಬೆಂಗಳೂರಲ್ಲಿ ಎಂತಾದ್ರೂ ಕೆಲಸ ಉಂಟಾ ನೋಡು ನೀನು.”

“ಬರುವಾಗ ತಲೆ ತಿರುಗಿದ್ರೆ?”

“ಕಂಡಕ್ಟರಿಗೆ ಹೇಳ್ತೇನೆ.”

ಚೀಲಕ್ಕೆ ಕೈ ಚಾಚಿದೆ. ಬಿಡಲಿಲ್ಲ. ನಾನೂ ಚಪ್ಪಲಿ ಮೆಟ್ಟಿ ಹಿಂದೆಯೇ ನಡೆದೆ. ಬಸ್ಸಿನಲ್ಲಿ ಅವಳು ಕಿಟಕಿಯ ಬದಿಗೆ ಕುಳಿತು, ಪಕ್ಕದ ಸೀಟಿನಲ್ಲಿ ಚೀಲ ಇಟ್ಟುಕೊಂಡಳು. ಕಂಡಕ್ಟರ್ ಬಂದಾಗ ಒಂದೇ ಟಿಕೆಟ್ ತೆಗೆದಳು. ನಾನು ಎರಡು ಸೀಟು ಹಿಂದೆ ಕುಳಿತು ನನ್ನದನ್ನು ತೆಗೆದುಕೊಂಡೆ. ಪುತ್ತೂರಿನವರೆಗೂ ಅವಳು ತಿರುಗಿ ನೋಡಲಿಲ್ಲ.